3ಡಿ ಪ್ರಿಂಟ್ ಮಾಡಿದ ಟೈಟೇನಿಯಂ ಭಾಗವನ್ನು ಅಡಿಯ ಲೋಹದ ಪ್ಲೇಟಿನಿಂದ ಬಿಡಿಸಿದ ಮೇಲೆ ಬುಡದಲ್ಲಿ ಬಿರುಕು. ಲೇಸರ್ ಪವರ್ ಇಳಿಸಬೇಕಾ? ಹಿಪ್ (ಕಾಯಿಸಿ ಎಲ್ಲ ಕಡೆಯಿಂದ ಅನಿಲದ ಒತ್ತಡ ಹಾಕುವುದು) ಮಾಡಿಸಿದರೆ ಮುಚ್ಚುತ್ತದಾ?

ಮುಚ್ಚುವುದಿಲ್ಲ. ಪ್ಲೇಟಿನಿಂದ ಬಿಡಿಸಿದ ಮೇಲೆ ಕಂಡಿತು ಅಂದಿರಲ್ಲ, ನನಗೂ ಹಾಗೇ ಆಗಿತ್ತು.

ಆಗ ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿದ್ದೆ. ಗ್ರೇಡ್ 5 ಟೈಟೇನಿಯಂ ಪುಡಿಯಲ್ಲಿ 8 ಬ್ರಾಕೆಟ್ ಪ್ರಿಂಟ್ ಆಗಿದ್ದವು. ವ್ಯಾಕ್ಯೂಮ್ ಫರ್ನೇಸ್ (ಗಾಳಿ ತೆಗೆದು ಕಾಯಿಸುವ ಕುಲುಮೆ) ಸಿಗಲು 4 ದಿನ ಕಾಯಬೇಕಿತ್ತು, ಗಿರಾಕಿಗೆ ಅವಸರ. ಮೊದಲು ಕತ್ತರಿಸೋಣ, ಹೀಟ್ ಟ್ರೀಟ್‌ಮೆಂಟ್ ಆಮೇಲೆ ಅಂದವನು ನಾನೇ. ಬ್ಯಾಂಡ್‌ಸಾ ಅರ್ಧ ದಾಟುವಷ್ಟರಲ್ಲಿ ಬ್ರಾಕೆಟ್ಟಿನ ತುದಿ ಮೇಲಕ್ಕೆ ಎದ್ದಿತು. ಟಪ್ ಅಂತ ಸದ್ದು. ಬಿರುಕು ಹುಡುಕಲು ಎಲ್ಲದಕ್ಕೂ ಕೆಂಪು ಡೈ ಹಾಕಿ, ಒರೆಸಿ, ಒಳಗೆ ಉಳಿದ ಡೈಯನ್ನು ಹೊರಗೆಳೆಯುವ ಬಿಳಿ ಡೆವಲಪರ್ ಸಿಂಪಡಿಸಿದೆವು. ಒರಟು ಮೇಲ್ಮೈ, ಎಲ್ಲ ಕಡೆ ಗುಲಾಬಿ ಬಣ್ಣ ಉಳಿಯಿತು. ಆದರೂ 5 ಬ್ರಾಕೆಟ್‌ಗಳ ಬುಡದ ಮೂಲೆಯಲ್ಲಿ ಕೆಂಪು ಗೆರೆ ಎದ್ದು ಕಾಣುತ್ತಿತ್ತು.

ಯಾಕೆ ಹೀಗಾಯಿತು ಅಂದರೆ, ಲೇಸರ್ ಪುಡಿಯನ್ನು ಪದರ ಪದರವಾಗಿ ಕರಗಿಸುತ್ತದೆ, ಒಂದೊಂದು ಪದರ 30ರಿಂದ 60 ಮೈಕ್ರಾನ್. ಕರಗಿದ್ದು ಕಣ್ಣು ಮಿಟುಕಿಸುವುದರೊಳಗೆ ಆರಿ ಕುಗ್ಗಲು ನೋಡುತ್ತದೆ. ಕೆಳಗಿನ ಪದರ ಬಿಡುವುದಿಲ್ಲ. ಹೀಗೆ ಪದರದ ಮೇಲೆ ಪದರ ಬಿಗಿದುಕೊಂಡೇ ಬೆಳೆಯುತ್ತದೆ. ದಪ್ಪ ಪ್ಲೇಟು ಆ ಬಿಗಿತವನ್ನು ಹಿಡಿದಿಟ್ಟಿರುತ್ತದೆ. ಅರ್ಧ ಕತ್ತರಿಸಿದಾಗ ಎಳೆತವೆಲ್ಲ ಉಳಿದ ಅರ್ಧದ ಮೇಲೆ, ಅದರಲ್ಲೂ ಚೂಪಾದ ಮೂಲೆಯ ಮೇಲೆ ಬೀಳುತ್ತದೆ. ಸಾಲದ್ದಕ್ಕೆ, ಅಷ್ಟು ಬೇಗ ಆರಿದ ಟೈಟೇನಿಯಂ ಒಳಗೆ ಮಾರ್ಟೆನ್‌ಸೈಟ್ ಅನ್ನುವ ಸೂಜಿಯಂಥ ಹರಳುಗಳು ತುಂಬಿರುತ್ತವೆ. ಗಟ್ಟಿ ಜಾಸ್ತಿ, ಬಗ್ಗುವ ಗುಣ ಕಡಿಮೆ. ಆ 4 ದಿನ ಕಾದು ಮೊದಲು ಹೀಟ್ ಟ್ರೀಟ್‌ಮೆಂಟ್ ಮಾಡಿಸಿದ್ದರೆ ಆ ಬಿಗಿತ ಸಡಿಲವಾಗಿ, ಬಹುಶಃ ಬಿರುಕು ಬರುತ್ತಿರಲಿಲ್ಲ.

ಹಾಗಾಗಿ ಲೇಸರ್ ಪವರ್ ಈಗ ಮುಟ್ಟಬೇಡಿ. ಸುಮ್ನೆ ಇನ್ನೊಂದು ಗೊಂದಲ. ಎರಡನೇ ಸಲ ನಾವು ಲೇಸರಿನ ಒಂದು ಸೆಟ್ಟಿಂಗನ್ನೂ ಬದಲಿಸಲಿಲ್ಲ. ಬುಡದ ಚೂಪು ಮೂಲೆಗೆ 3 ಮಿ.ಮೀ. ರೇಡಿಯಸ್ ಕೊಟ್ಟು ದುಂಡಗೆ ಮಾಡಿದೆವು. ಸಂದಿಗೊಂದಿಯ ಪುಡಿಯನ್ನೆಲ್ಲ ತೆಗೆದೆವು, ಇಲ್ಲದಿದ್ದರೆ ಕಾವಿಗೆ ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಪ್ಲೇಟಿನ ಸಮೇತ ಫರ್ನೇಸಿಗೆ ಕಳಿಸಿದೆವು: 800 ಡಿಗ್ರಿ, 2 ಗಂಟೆ, ವ್ಯಾಕ್ಯೂಮ್. ಆರ್ಗಾನ್ ಆದರೂ ಸರಿ. ಗಾಳಿಯಲ್ಲಿ ಮಾತ್ರ ಬೇಡ, ಆಮ್ಲಜನಕ ಹೀರಿ ಮೇಲ್ಪದರ ಪೆಡಸಾಗುತ್ತದೆ. ಕೊನೆಗೆ ವೈರ್‌ಕಟ್, ಅಂದರೆ ವಿದ್ಯುತ್ ಕಿಡಿ ಹಾರಿಸುವ ತಂತಿಯಿಂದ ಕತ್ತರಿಸಿದೆವು. 8ಕ್ಕೆ 8 ಸರಿಯಾಗಿ ಬಂದವು.

ಹಿಪ್ ವಿಷಯಕ್ಕೆ ಬಂದರೆ, ಅದು ಸುಮಾರು 920 ಡಿಗ್ರಿಯಲ್ಲಿ, 100 ಮೆಗಾಪ್ಯಾಸ್ಕಲ್ ಒತ್ತಡದ ಆರ್ಗಾನಿನಿಂದ ಒಳಗಿನ ತೂತುಗಳನ್ನು ಹಿಸುಕಿ ಮುಚ್ಚುತ್ತದೆ. ನಿಮ್ಮ ಬಿರುಕು ಹೊರಗೆ ಬಾಯಿ ತೆರೆದಿದೆ ಅಲ್ವಾ? ಆರ್ಗಾನ್ ಅದರೊಳಗೂ ನುಗ್ಗುತ್ತದೆ. ಎರಡೂ ಕಡೆ ಒಂದೇ ಒತ್ತಡವಿದ್ದರೆ ಮುಚ್ಚುವುದಾದರೂ ಹೇಗೆ? ದಯವಿಟ್ಟು ಆ ಭಾಗಗಳನ್ನು ಗಿರಾಕಿಗೆ ಕಳಿಸಬೇಡಿ. ನಾವು ಆ 5 ಬ್ರಾಕೆಟ್‌ಗಳನ್ನು ಸ್ಕ್ರ್ಯಾಪಿಗೆ ಹಾಕಿದೆವು.