‘ಅವರ್ಗೀಕೃತ’ ಅಂತ ಬರೆಯಬೇಡಿ, ನಾನು ಬರೆದು ಕೆಟ್ಟೆ

ಮೂಡಿಗೆರೆಯ ಗೆಳೆಯರು ಗೋಮಾಳದ ನಕ್ಷೆ ಕೇಳಿ ಬರೆದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯ ಫೋಟೋ ಹಾಕಿದ್ದಾರೆ. ‘ಇದು ಅವರ್ಗೀಕೃತ ಮಾಹಿತಿ, ಆದ್ದರಿಂದ ಕೊಡಲೇಬೇಕು’ ಅಂತ ಒಂದು ಸಾಲಿದೆ. ಕಳಿಸುವ ಮೊದಲು ಅದನ್ನು ಹೊಡೆದುಹಾಕಿ ಮಾರಾಯ್ರೇ.

ಸಕಲೇಶಪುರದ ಈಚೆ, ನಮ್ಮ ತೋಟದ ಪಕ್ಕದ ಸೊಪ್ಪಿನಬೆಟ್ಟದ (ಸೊಪ್ಪು ಕಡಿಯಲು ಬಿಟ್ಟ ಕಾಡಿನ) ಗಡಿ ತಕರಾರಿನಲ್ಲಿ ನಾನೂ ಹೀಗೇ ಮಾಡಿದ್ದೆ. ಇಂಗ್ಲಿಷಿನ ‘ಅನ್‌ಕ್ಲಾಸಿಫೈಡ್’ ಪದವನ್ನು ಮೊಬೈಲ್‌ನಲ್ಲಿ ಕನ್ನಡ ಮಾಡಿ, ‘ಅವರ್ಗೀಕೃತ ದಾಖಲೆಗಳನ್ನು ಕೊಡಿ’ ಎಂದು ಬರೆದೆ. 28ನೇ ದಿನ ಉತ್ತರ ಬಂತು: ‘ಸದರಿ ಜಮೀನು ಅವರ್ಗೀಕೃತ ಅರಣ್ಯದ ಪಟ್ಟಿಯಲ್ಲಿ ಇರುವುದಿಲ್ಲ.’ ಗುಮಾಸ್ತರನ್ನು ಬೈದು ಏನು ಪ್ರಯೋಜನ? ಮೀಸಲು, ರಕ್ಷಿತ, ಅವರ್ಗೀಕೃತ ಅಂತ ಕಾಡಿನ ಬಗೆಗಳನ್ನು ದಿನಾ ಓದುವವರು ಅವರು. ನನ್ನ ಬೇಲಿ ಮಾತ್ರ ಆ ವರ್ಷ ಏಳಲಿಲ್ಲ.

ಸರ್ಕಾರಿ ಕಡತಕ್ಕೆ ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಷಿಯಲ್, ರಿಸ್ಟ್ರಿಕ್ಟೆಡ್ ಅಂತ ಗುಟ್ಟಿನ ದರ್ಜೆ ಇರುತ್ತದೆ. ಯಾವ ದರ್ಜೆಯೂ ಇಲ್ಲದ್ದು ಅನ್‌ಕ್ಲಾಸಿಫೈಡ್. ಮೊದಲು ಇದ್ದು ಆಮೇಲೆ ತೆಗೆದರೆ ಡಿಕ್ಲಾಸಿಫೈಡ್, ಅದು ಬೇರೆ. ಗುಟ್ಟಿನ ಮುದ್ರೆ ಇಲ್ಲ ಅಂದಮಾತ್ರಕ್ಕೆ ಎಲ್ಲರಿಗೂ ಹಂಚಿ ಅಂತಲ್ಲ. ನೌಕರರ ಕಾಯಿಲೆ ರಜೆಯ ಸರ್ಟಿಫಿಕೇಟಿಗೆ ಯಾವ ಮುದ್ರೆ ಇರುತ್ತೆ? ಆದರೂ ಖಾಸಗಿ ಮಾಹಿತಿ ಅಂತ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ತೋರಿಸಿ ನಿಮ್ಮನ್ನು ವಾಪಸ್ ಕಳಿಸುತ್ತಾರೆ. ಹಾಗಂತ ‘ಕಾನ್ಫಿಡೆನ್ಷಿಯಲ್’ ಅಂತ ಮುದ್ರೆ ಇದೆ ಎಂದ ಕೂಡಲೇ ಸುಮ್ನೆ ಎದ್ದು ಬರಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯ 22ನೇ ಕಲಂ 1923ರ ಅಧಿಕೃತ ರಹಸ್ಯ ಕಾಯ್ದೆಗಿಂತ ಮೇಲು. ಯಾವ ಕಲಂ ಪ್ರಕಾರ ಕೊಡುವುದಿಲ್ಲ ಅಂತ ಬರೆಸಿಕೊಳ್ಳಿ.

ನನಗೆ ಎರಡನೇ ಸಲ ಕೆಲಸ ಆಗಿದ್ದು ವಿಶೇಷಣ ಎಲ್ಲ ಕಿತ್ತು ದಾಖಲೆಯ ಹೆಸರು ಹಿಡಿದು ಕೇಳಿದ್ದಕ್ಕೆ. ‘ಸರ್ವೆ ನಂಬರ್ ಇಂಥದ್ದರ ಆಕಾರ್‌ಬಂದ್, ಟಿಪ್ಪಣಿ, ಹದ್ದುಬಸ್ತು ನಕ್ಷೆಯ ದೃಢೀಕೃತ ನಕಲು.’ ಅಷ್ಟೇ. (ಆಕಾರ್‌ಬಂದ್ ಅಂದರೆ ವಿಸ್ತೀರ್ಣ, ಕಂದಾಯದ ಪಟ್ಟಿ; ಟಿಪ್ಪಣಿ ಅಂದರೆ ಅಳತೆಯ ನಕ್ಷೆ; ಹದ್ದುಬಸ್ತು ಅಂದರೆ ಗಡಿ ಗುರುತಿಸುವುದು.) ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ನಿಮ್ಮದು ಮೂರು ಪುಟ ಇದೆ! ಅದರಲ್ಲಿ ಅರ್ಧ ಪಕ್ಕದ ಮನೆಯವರ ಮೇಲಿನ ಸಿಟ್ಟು. 10 ರೂಪಾಯಿಗೆ ಪೋಸ್ಟಲ್ ಆರ್ಡರ್ ಇಡಿ, ಅದರ ನಂಬರನ್ನು ಅರ್ಜಿಯಲ್ಲೇ ಬರೆಯಿರಿ. ಕೊರಿಯರ್ ಬೇಡ, ಸ್ಪೀಡ್ ಪೋಸ್ಟೇ ವಾಸಿ. ಟೈಪ್ ಮಾಡಿಸಲು ದುಡ್ಡೂ ದಂಡ, ರೆನಾಲ್ಡ್ಸ್ ಪೆನ್ನಲ್ಲಿ ಬಿಡಿಸಿ ಬರೆದರೆ ಸಾಕು. 30 ದಿನಕ್ಕೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಪಹಣಿಗೆ ಮಾತ್ರ ಆರ್‌ಟಿಐ ಹಾಕಬೇಡಿ, ಅದು ಭೂಮಿ ಜಾಲತಾಣದಲ್ಲೇ ಸಿಗುತ್ತದೆ.

ಮತ್ತೆ ಆ ಫೋಟೋದ ಮೂಲೆಯಲ್ಲಿ ನಿಮ್ಮ ಆಧಾರ್ ನಂಬರ್ ಪೂರ್ತಿ ಕಾಣುತ್ತಿದೆ. ಅದಕ್ಕೂ ಗುಟ್ಟಿನ ಮುದ್ರೆ ಇಲ್ಲ, ಅಲ್ವಾ? ಮೊದಲು ಅದನ್ನು ಡಿಲೀಟ್ ಮಾಡಿ.