ನಿಮ್ಮ ನಾಯಿ ತೋಳು ಬಿಡುವುದು ಯಾರ ಮಾತಿಗೆ?

ಪ್ರಶ್ನೆ: ಮೂರು ವರ್ಷದ ಜರ್ಮನ್ ಶೆಫರ್ಡ್. ಅಭ್ಯಾಸದಲ್ಲಿ ಒಂದೇ ಮಾತಿಗೆ ಸ್ಲೀವ್ (ಕಚ್ಚಲು ಕೊಡುವ ದಪ್ಪ ತೋಳುಗವಸು) ಬಿಡುತ್ತಾನೆ. ಐಜಿಪಿ 1 (ಜಾಡು, ವಿಧೇಯತೆ, ರಕ್ಷಣೆ ಪರೀಕ್ಷಿಸುವ ನಾಯಿ ಸ್ಪರ್ಧೆಯ ಮೊದಲ ಹಂತ) ಟ್ರಯಲ್‌ನಲ್ಲಿ ಮೂರು ಸಲ 'ಔಸ್' (ಜರ್ಮನ್‌ನಲ್ಲಿ 'ಬಿಡು') ಎಂದರೂ ಬಿಡದೆ ಅನರ್ಹನಾದ. ಶಾಕ್ ಕಾಲರ್ ಹಾಕಲೇ?

ಬೇಡ. ನೋವಿಗೆ ಹೆದರಿದ ನಾಯಿ ಇನ್ನಷ್ಟು ಗಟ್ಟಿಯಾಗಿ ಕಚ್ಚಿ ಹಿಡಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಟ್ರಯಲ್ ಮೈದಾನಕ್ಕೆ ಅದನ್ನು ಹಾಕಿಕೊಂಡು ಇಳಿಯಲೂ ಆಗುವುದಿಲ್ಲ. ಈ ಆಟ ಹುಟ್ಟಿದ ಜರ್ಮನಿಯಲ್ಲೇ ಅದರ ಬಳಕೆ ಕಾನೂನುಬಾಹಿರವೆಂದು 2006ರಲ್ಲಿ ನ್ಯಾಯಾಲಯ ಹೇಳಿಯಾಗಿದೆ.

ಸಿಟ್ಟಾಗಬೇಡಿ, ನಿಮ್ಮ ನಾಯಿಗೆ 'ಔಸ್' ಬರುವುದೇ ಇಲ್ಲ. ಅಭ್ಯಾಸದ ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿ, ನಾಯಿಯನ್ನು ಬಿಟ್ಟು, ಸ್ಲೀವ್ ತೊಟ್ಟು ಕಚ್ಚಿಸಿಕೊಳ್ಳುವ ಹೆಲ್ಪರ್‌ನನ್ನು ನೋಡಿ. ನೀವು ಬಾಯಿ ತೆರೆಯುವ ಮೊದಲೇ ಆತ ಜಗ್ಗಾಟ ನಿಲ್ಲಿಸಿ, ಮೊಣಕೈಯನ್ನು ಹೊಟ್ಟೆಗೆ ಒತ್ತಿ, ಭುಜ ಸಡಿಲಿಸುತ್ತಾನೆ. ನಾಯಿ ಬಿಡುವುದು ಆ ಭುಜ ನೋಡಿ. ಟ್ರಯಲ್‌ಗೆ ಬಂದ ಹೊಸ ಹೆಲ್ಪರ್ ಬೇರೆ ಥರ ನಿಂತ. ಆಟ ಇನ್ನೂ ಮುಗಿದಿಲ್ಲ ಅಂದುಕೊಂಡಿತು ನಾಯಿ. ಮೊದಲ ಆಜ್ಞೆ ನಿಮ್ಮದು, ಉಳಿದೆರಡು ಜಡ್ಜ್ ಹೇಳಿದ ಮೇಲೆ. ಅಷ್ಟರಲ್ಲಿ ನಿಮ್ಮ ದನಿಯೂ ಕೀರಲಾಗಿರುತ್ತದೆ.

ಜೇಬಿನ ಚೆಂಡು ಇನ್ನೊಂದು ಎಡವಟ್ಟು. 'ಔಸ್' ಎನ್ನುವಾಗ ಬಲಗೈ ಜೇಬಿನತ್ತ ಹೋಗುತ್ತದೆ, ಅಲ್ಲವೇ? ಮೈದಾನದೊಳಗೆ ಚೆಂಡು, ತಿಂಡಿ ಒಯ್ಯುವಂತಿಲ್ಲ. ಜೇಬು ಖಾಲಿಯೆಂದು ನಾಯಿಗೆ ಗೇಟಿನಲ್ಲೇ ತಿಳಿದಿರುತ್ತದೆ.

ಕನಿಷ್ಠ ಮೂವರು ಹೊಸ ಹೆಲ್ಪರ್‌ಗಳನ್ನು ಹುಡುಕಿ. ಉದ್ದ ಹಗ್ಗ ಕಟ್ಟಿಕೊಂಡೇ ಅಭ್ಯಾಸ ಮಾಡಿ. ಹೆಲ್ಪರ್ ಒಮ್ಮೆ ನೆಟ್ಟಗೆ, ಒಮ್ಮೆ ಓರೆಯಾಗಿ ನಿಲ್ಲಲಿ. ನಿಂತ ಮೇಲೂ ನಾಲ್ಕೈದು ಸೆಕೆಂಡು ನೀವು ಸುಮ್ಮನಿರಿ. ಆಮೇಲೆ ಸಾದಾ ದನಿಯಲ್ಲಿ ಒಂದೇ ಸಲ ಹೇಳಿ. ಬಿಟ್ಟ ತಕ್ಷಣ ಮತ್ತೆ ಕಚ್ಚಲು ಕೊಡಿ, ಅದೇ ಬಹುಮಾನ. ಬಿಟ್ಟರೆ ಆಟ ಮುಗಿಯುತ್ತದೆ ಎಂದು ಕಲಿತ ನಾಯಿ ಯಾಕಾದರೂ ಬಿಟ್ಟೀತು? ಚೆಂಡು ಇಪ್ಪತ್ತು ಹೆಜ್ಜೆ ದೂರದಲ್ಲಿ ಗೆಳೆಯನ ಕೈಯಲ್ಲಿರಲಿ. ಎರಡು ಮೂರು ವಾರಕ್ಕೊಮ್ಮೆ ಬೇರೆ ಮೈದಾನಕ್ಕೆ ಹೋಗಿ, ಎರಡು ಗಂಟೆ ಕಾಯಿಸಿ, ಇಡೀ ಟ್ರಯಲ್ ಓಡಿಸಿ. ಕಾಯಿಸುವುದು ನೆರಳಲ್ಲಿ! ಮುಚ್ಚಿದ ಕಾರಿನಲ್ಲಿ ಹತ್ತು ನಿಮಿಷ ಬಿಟ್ಟವರ ಜೊತೆ ನಾನು ಮಾತೂ ಆಡುವುದಿಲ್ಲ.

ಪ್ರಶ್ನೆ: ಮೆಣಸಿನಕಾಯಿ ತಿನ್ನಿಸಿ ಕತ್ತಲೆ ಕೋಣೆಯಲ್ಲಿ ಕಟ್ಟಿದರೆ ನಾಯಿ ಚುರುಕಾಗುತ್ತದೆಯಂತೆ?

ಹೊಟ್ಟೆ ಕೆಡುತ್ತದೆ, ತಲೆಯೂ ಕೆಡುತ್ತದೆ. ಹಾಗೆ ಹೇಳಿದವನಿಂದ ನಾಯಿಯನ್ನು ಇವತ್ತೇ ವಾಪಸ್ ತನ್ನಿ.

ಪ್ರಶ್ನೆ: 'ಡಬಲ್ ಬೋನ್' (ದಪ್ಪ ಮೂಳೆಯದು ಎಂದು ಮಾರುವ) ಮರಿ ತೆಗೆದುಕೊಳ್ಳಲೇ?

ಅಂಥ ಮೂಳೆ ಇರುವುದು ಮಾರುವವನ ನಾಲಿಗೆಯಲ್ಲಿ ಮಾತ್ರ.

ಪ್ರಶ್ನೆ: ಮುಧೋಳ ನಾಯಿಗೆ ಐಜಿಪಿ ಕಲಿಸಬಹುದೇ?

ಮೊಲದ ಹಿಂದೆ ಓಡಲು ಹುಟ್ಟಿದ ನಾಯಿ. ಓಡಲು ಬಿಡಿ ಅದನ್ನು.