ಮಲೆನಾಡಿನ ತೋಟದ ಮನೆಯಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮನಿಗೆ ಸ್ಮಾರ್ಟ್‌ವಾಚ್ ಕೊಡಿಸಲೇ?

ಸದ್ಯಕ್ಕೆ ವಾಚ್ ಬೇಡ. ಮನೆ ತೀರ್ಥಹಳ್ಳಿಯಿಂದ ಒಳಗೆ, ಫೋನಿಗೆ ಸಿಗ್ನಲ್ ಅಷ್ಟಕ್ಕಷ್ಟೇ, ಅಪ್ಪನಿಗೆ ದಮ್ಮು, ಅಮ್ಮನಿಗೆ ಬಿ.ಪಿ., ಶುಗರ್ ಎರಡೂ ಇದೆ, ನೀವಿರುವುದು ಬೆಂಗಳೂರಿನಲ್ಲಿ ಅಂತ ಬರೆದಿದ್ದೀರಿ. ಆ ದುಡ್ಡಿನಲ್ಲಿ ತೋಳಿಗೆ ಕಟ್ಟುವ ಬಿ.ಪಿ. ಮೆಷಿನ್, ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್, ಅಪ್ಪನ ಇನ್‌ಹೇಲರಿಗೆ ಒಂದು ಸ್ಪೇಸರ್ ತಂದುಕೊಡಿ. ನಾನು ಶಿವಮೊಗ್ಗದಲ್ಲಿದ್ದುಕೊಂಡು ಆಸ್ಪತ್ರೆ ಉಪಕರಣಗಳ ಸರ್ವಿಸ್, ರಿಪೇರಿ ಮಾಡುವವನು, ಡಾಕ್ಟರಲ್ಲ. ಔಷಧಿ ವಿಷಯ ಅವರ ಡಾಕ್ಟರನ್ನೇ ಕೇಳಿ, ಯಂತ್ರದ ವಿಷಯ ನಾನು ಹೇಳುತ್ತೇನೆ.

ಆಕ್ಸಿಮೀಟರಿನಿಂದ ಶುರು ಮಾಡುತ್ತೇನೆ. ನಾನು ಬಿಚ್ಚಿ ನೋಡಿದ ಯಂತ್ರಗಳಲ್ಲೆಲ್ಲ ನನಗೆ ಹೆಚ್ಚು ಗೌರವ ಇರುವುದು ಅದರ ಮೇಲೆ. 1970ರ ದಶಕದ ಆರಂಭದಲ್ಲಿ ಜಪಾನಿನ ನಿಹೋನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ, ಹೃದಯ ನಿಮಿಷಕ್ಕೆ ಎಷ್ಟು ರಕ್ತ ಹೊರದೂಡುತ್ತದೆ ಅಂತ ಅಳೆಯಲು ಹೊರಟಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಹಾಲೆಗೆ ಬೆಳಕು ಹಾಯಿಸಿ, ಆ ಬಣ್ಣ ತಿಳಿಯಾಗುವುದನ್ನು ಅಳೆಯುವ ವಿಧಾನ ಅದು. ಆದರೆ ಪ್ರತಿ ನಾಡಿಬಡಿತಕ್ಕೂ ಗೆರೆ ಏರಿಳಿದು ಲೆಕ್ಕ ಕೆಡುತ್ತಿತ್ತು. ಇನ್ನೊಂದು ಬಗೆಯ ಬೆಳಕನ್ನೂ ಹಾಯಿಸಿ ಆ ಏರಿಳಿತ ಅಳಿಸಲು ನೋಡಿದರು. ರಕ್ತದ ಆಕ್ಸಿಜನ್ ಬದಲಾದಾಗ ಮಾತ್ರ ಅದು ಸರಿಯಾಗಿ ಅಳಿಯುತ್ತಿರಲಿಲ್ಲ. ಹಾಗಾದರೆ ಕಾಟ ಕೊಡುತ್ತಿದ್ದ ಈ ಏರಿಳಿತದಿಂದಲೇ ಆಕ್ಸಿಜನ್ ಅಳೆಯಬಹುದಲ್ಲ ಅಂತ ಅವರಿಗೆ ಹೊಳೆಯಿತು. 1974ರಲ್ಲಿ ಅದನ್ನು ಜಪಾನಿನಲ್ಲಿ ಮಂಡಿಸಿದರು. ಕೊರೋನಾ ಬಂದು ಆ ಯಂತ್ರ ಮನೆಮನೆಗೆ ಹೋಗಲು ಶುರುವಾಗಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು.

ಈಗ ಮೆಡಿಕಲ್ ಶಾಪಿನಲ್ಲಿ ಸಿಗುವ ಕ್ಲಿಪ್ಪಿನ ಒಳಗೂ ಅದೇ ತತ್ವ. ಒಂದು ಕಡೆ ಎರಡು ಪುಟ್ಟ ದೀಪ: 660 ನ್ಯಾನೊಮೀಟರ್ ತರಂಗಾಂತರದ ಕೆಂಪು, 940ರ ಆಸುಪಾಸಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಕ್ಸಿಜನ್ ಹೊತ್ತ ರಕ್ತ ಕೆಂಪನ್ನು ಹೆಚ್ಚು ದಾಟಿಸುತ್ತದೆ, ಇಲ್ಲದ ರಕ್ತ ಹೀರಿಕೊಳ್ಳುತ್ತದೆ. ಬೆರಳಿನ ಮೂಳೆ, ಚರ್ಮ, ಮಾಂಸ ಬಡಿತಕ್ಕೆ ಬದಲಾಗುವುದಿಲ್ಲ. ಅದಕ್ಕೇ ನಾಡಿಯ ಜೊತೆ ಬದಲಾಗುವ ಬೆಳಕನ್ನಷ್ಟೇ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಾಡಿ ಸಿಗದಿದ್ದರೆ ಲೆಕ್ಕವೂ ಇಲ್ಲ. ಆಷಾಢದ ಮಳೆಯಲ್ಲಿ ತೋಟದಿಂದ ಬಂದು ತಣ್ಣಗಿರುವ ಬೆರಳಿಗೆ ಹಾಕಿದರೆ ಆಕ್ಸಿಜನ್ ಶೇಕಡಾ 86, 91, 88 ಅಂತ ಕುಣಿಯುತ್ತದೆ. ಗಾಬರಿ ಬೇಡ. ಒಲೆಯ ಮುಂದೆ ಕೈ ಬೆಚ್ಚಗೆ ಮಾಡಿಕೊಂಡು, ಸುಮ್ಮನೆ ಕೂತು, ಅಂಕಿ ಒಂದು ಕಡೆ ನಿಂತ ಮೇಲೆ ಓದಲಿ. ಉಗುರುಬಣ್ಣ, ಅಡಿಕೆ ಚೊಗರು ಹತ್ತಿ ಕಪ್ಪಾದ ಬೆರಳು ಬಿಟ್ಟು ಶುಭ್ರವಾದ ಬೆರಳು ಆರಿಸಿಕೊಳ್ಳಲಿ.

ಇದರಲ್ಲಿ ಎರಡು ಕೊರತೆ ಇದೆ, ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಯಾರೂ ಬರೆಯುವುದಿಲ್ಲ. ಒಂದು, ಚರ್ಮ ಕಪ್ಪಿದ್ದಷ್ಟೂ ಇದು ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಹೆಚ್ಚು. 2020ರಲ್ಲಿ ಅಮೆರಿಕದ ಮಿಷಿಗನ್‌ನಿಂದ ಬಂದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ನಿಜಕ್ಕೂ 88ಕ್ಕಿಂತ ಕೆಳಗಿದ್ದವರು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದ್ದರು. ಇಷ್ಟು ಒಳ್ಳೆಯ ಉಪಕರಣ ಎಲ್ಲರ ಚರ್ಮಕ್ಕೂ ಒಂದೇ ಸಮ ನಿಜ ಹೇಳುವುದಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ. ಆದ್ದರಿಂದ ಅಂಕಿ ಚೆನ್ನಾಗಿದ್ದೂ ಅಪ್ಪ ಏದುಸಿರು ಬಿಡುತ್ತಿದ್ದರೆ ಏದುಸಿರನ್ನೇ ನಂಬಿ. ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಕೆಂಡ ಇಟ್ಟುಕೊಂಡು ಮಲಗುವುದು, ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುವುದು ನಮ್ಮ ಕಡೆ ಇದೆ. ಆ ವಿಷ ಹತ್ತಿದ ರಕ್ತ ಈ ದೀಪಗಳಿಗೆ ಆಕ್ಸಿಜನ್ ತುಂಬಿದ ರಕ್ತದಂತೆಯೇ ಕಾಣುತ್ತದೆ. ಮನುಷ್ಯ ಪ್ರಜ್ಞೆ ತಪ್ಪಿದ್ದರೂ 98 ತೋರಿಸಬಹುದು. ಮೊದಲು ಬಾಗಿಲು ತೆಗೆದು ಹೊರಗೆ ಕರೆತರಬೇಕು, ಅಂಕಿ ನೋಡುತ್ತಾ ನಿಲ್ಲಬಾರದು.

ಬಿ.ಪಿ. ಮೆಷಿನ್ ತೋಳಿನದ್ದೇ ಆಗಬೇಕು, ಮಣಿಕಟ್ಟಿನದ್ದು ಬೇಡ. ಪಟ್ಟಿ ಕಟ್ಟಿ ಗಾಳಿ ತುಂಬುವ ವಿಧಾನ ಇಟಲಿಯ ರಿವಾ-ರೋಚಿ 1896ರಲ್ಲಿ ತಂದದ್ದು, ಸ್ಟೆತಸ್ಕೋಪಿನಲ್ಲಿ ಸದ್ದು ಕೇಳಿ ಅಳೆಯುವುದನ್ನು 1905ರಲ್ಲಿ ರಷ್ಯಾದ ಕೊರೊಟ್ಕೊವ್ ಸೇರಿಸಿದರು. ಈಗಿನ ಮನೆಯ ಮೆಷಿನ್ನುಗಳು ಸಾಮಾನ್ಯವಾಗಿ ಸದ್ದು ಕೇಳುವುದಿಲ್ಲ, ಪಟ್ಟಿಯೊಳಗಿನ ಗಾಳಿಯ ನಡುಕ ಹಿಡಿದು ಲೆಕ್ಕ ಹಾಕುತ್ತವೆ. ಹಾಗಾಗಿ ಅಳೆಯುವಾಗ ಮಾತಾಡಿದರೆ, ಕೈ ಅಲ್ಲಾಡಿಸಿದರೆ ಅಂಕಿ ಕೆಡುತ್ತದೆ. ಕೊಳ್ಳುವ ಮೊದಲು ಅಮ್ಮನ ತೋಳಿನ ಸುತ್ತಳತೆ ಟೇಪಿನಲ್ಲಿ ನೋಡಿ. ಜೊತೆಗೆ ಬರುವ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂಟಿಮೀಟರಿನವರಿಗೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಕಾಣುತ್ತದೆ. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು, ಕಾಫಿ ಕುಡಿದ ತಕ್ಷಣ ನೋಡುವುದು ಬೇಡ. ಕುರ್ಚಿಗೆ ಒರಗಿ, ಪಾದ ನೆಲಕ್ಕೂರಿ, ಐದು ನಿಮಿಷ ಬಿಟ್ಟು, ತೋಳು ಎದೆಯ ಮಟ್ಟಕ್ಕಿರಲಿ.

ಸ್ಪೇಸರ್ ಅಂದರೆ ಬರೀ ಪ್ಲಾಸ್ಟಿಕ್ ಕೊಳವೆ, ಇನ್‌ಹೇಲರಿನ ಮದ್ದು ಗಂಟಲಲ್ಲಿ ಅಂಟದೆ ಎದೆಗೆ ಇಳಿಯಲಿ ಅಂತ. ಮದ್ದನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಕೊಳ್ಳುವ ಯೋಚನೆಯೂ ನಿಮಗಿದೆ. ನಿಮ್ಮೂರಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ನನಗಿಂತ ನಿಮಗೇ ಗೊತ್ತು. ದಮ್ಮು ಹೆಚ್ಚಾದಾಗಲೂ, ತೀರಾ ಜೀವಕ್ಕೆ ಬಂದ ಸ್ಥಿತಿ ಬಿಟ್ಟರೆ, ಸ್ಪೇಸರ್ ಜೊತೆಗಿನ ಇನ್‌ಹೇಲರ್ ನೆಬ್ಯುಲೈಸರಿಗೆ ಕಡಿಮೆ ಇಲ್ಲ ಅಂತ ಅಧ್ಯಯನಗಳು ತೋರಿಸಿವೆ; ಇದಕ್ಕೆ ಕರೆಂಟೂ ಬೇಡ. ಎಷ್ಟು ಪಫ್ ಅನ್ನುವುದನ್ನು ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರನ್ನಂತೂ ಅವರು ಹೇಳದೆ ತರಲೇಬೇಡಿ. ಐದು ಲೀಟರಿನದ್ದು ಸುಮಾರು 300 ವಾಟ್ ಎಳೆಯುತ್ತದೆ, ಮನೆಯ ಇನ್ವರ್ಟರ್ ರಾತ್ರಿ ಪೂರ್ತಿ ತಾಳುವುದು ಕಷ್ಟ.

ವಾಚ್ ಯಾಕೆ ಬೇಡ ಅಂದರೆ, ಅದರ ಇಸಿಜಿ ಒಂದೇ ಕೋನದಿಂದ ನೋಡುವಂಥದ್ದು. ಬಡಿತದ ತಾಳ ತಪ್ಪಿದ್ದನ್ನು ಹಿಡಿಯಬಹುದು, ಹಾರ್ಟ್ ಅಟ್ಯಾಕ್ ಹಿಡಿಯಲಾರದು. ಸೂಜಿ ಚುಚ್ಚದೆ ಶುಗರ್ ಹೇಳುತ್ತದೆ ಅಂತ ಮಾರುವ ವಾಚುಗಳನ್ನು ಬಳಸಬೇಡಿ ಅಂತ 2024ರಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಬಿದ್ದರೆ ನಿಮಗೆ ಕರೆ ಮಾಡುತ್ತದೆ ಅನ್ನುತ್ತೀರಿ. ಸಿಗ್ನಲ್ ಅಷ್ಟಕ್ಕಷ್ಟೇ ಇರುವ ಮನೆಯಿಂದ ಕರೆ ಹೋಗುತ್ತದೆ ಅಂತ ನಂಬುವುದಾದರೂ ಹೇಗೆ?

ಶುಗರಿಗೆ ಅಮ್ಮ ಈಗಿನ ಗ್ಲುಕೋಮೀಟರನ್ನೇ ಬಳಸಲಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಮುಚ್ಚಬೇಕು, ನಮ್ಮ ಕಡೆಯ ತೇವದ ಗಾಳಿಗೆ ಸ್ಟ್ರಿಪ್ ಬೇಗ ಹಾಳಾಗುತ್ತದೆ. ಹಲಸಿನ ಹಣ್ಣು ಬಿಡಿಸಿದ ಕೈ ತೊಳೆಯದೆ ಚುಚ್ಚಿಕೊಂಡರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ.

ಇಷ್ಟಾದ ಮೇಲೆ ಮಳೆಗಾಲಕ್ಕೆ ಮುಂಚೆ ಯಂತ್ರಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಅಪ್ಪ-ಅಮ್ಮನ ಜೊತೆ ಡಾಕ್ಟರ ಹತ್ತಿರ ಒಮ್ಮೆ ಹೋಗಿ. ಅಲ್ಲಿಯ ಮೆಷಿನ್ ಪಕ್ಕದಲ್ಲೇ ನಿಮ್ಮದನ್ನೂ ಹಾಕಿ ಹೋಲಿಸಿ. ಆರಾಮಾಗಿರುವಾಗ ಅಪ್ಪನ ಆಕ್ಸಿಜನ್ ಎಷ್ಟಿರಬೇಕು ಅಂತ ಕೇಳಿ. ಸಾಮಾನ್ಯವಾಗಿ 94ಕ್ಕಿಂತ ಇಳಿದರೆ ಡಾಕ್ಟರಿಗೆ ತಿಳಿಸಬೇಕು, 90ಕ್ಕಿಂತ ಇಳಿದರೆ ಹೊರಡಬೇಕು. ಬಹಳ ವರ್ಷದ ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಆ ಲೆಕ್ಕವೇ ಬೇರೆ. ಡಾಕ್ಟರು ಹೇಳಿದ ಅಂಕಿ, ಆಂಬುಲೆನ್ಸಿನ 108, ರಾತ್ರಿ ಕರೆದರೆ ಬರುವ ಜೀಪಿನವರ ನಂಬರ್, ಮೂರನ್ನೂ ದೊಡ್ಡದಾಗಿ ಬರೆದು ಲ್ಯಾಂಡ್‌ಲೈನ್ ಫೋನಿನ ಮೇಲಿನ ಗೋಡೆಗೆ ಅಂಟಿಸಿ.